ಗೂಡಿನ ಮೇಲೆ ಕೂತದ್ದು ಅಪ್ಪ

ಕಚ್, ಕಚ್ — ಹುಲ್ಲು ಕತ್ತರಿಸುವ ಸದ್ದು, ಕೆಸರಿನ ನಾತವನ್ನೂ ದಾಟಿ ಬರುವ ಹಸಿ ಹುಲ್ಲಿನ ವಾಸನೆ, ಭಾನುವಾರ ಬೆಳಿಗ್ಗೆ ಏಳಕ್ಕೆ ಗೋರೆಗಾಂವ್‌ನ ಈ ಜೌಗಿಗೆ ಯಾವ ಮಾಲಿ ಬಂದನಪ್ಪಾ, ಎನ್ನುತ್ತ ಮೋನಪ್ಪ ನೀರಿನ ಪೈಪಿನ ಮೇಲೆ ಹತ್ತಿ ನೋಡಿದರೆ ಹನ್ನೊಂದು ಬೆನ್ನು, ಹನ್ನೊಂದು ಕ್ಯಾಮೆರಾ, ಎಲ್ಲರಿಗೂ ಎಲೆಬಣ್ಣದ ಅಂಗಿ, ಗಡಿ ಕಾಯಲು ಹೊರಟ ದಂಡು, ನಡುವೆ ಮಂಡಿಯೂರಿ ಕತ್ತರಿ ಆಡಿಸುವವನು ಅಮಿತ, ಹಕ್ಕಿ ಗ್ರೂಪಿನ ಮಹಾ ಛಾಯಾಗ್ರಾಹಕ, ಗೂಡಿನ ಫೋಟೊಗೆ ಹುಲ್ಲು ಅಡ್ಡ ಬರುತ್ತದಂತೆ — ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಇವನು ಮೊಳದುದ್ದದ ಲೆನ್ಸ್ ಹಿಡಿದ. ಬೆಳ್ಳಕ್ಕಿ ಯಾವುದು ಕೊಕ್ಕರೆ ಯಾವುದು ತಿಳಿಯದ ಪ್ರಾಣಿ, ಇಂಥವರನ್ನು ಫೋರ್ಟ್‌ನ ಹೋಟೆಲಿನ ಗಲ್ಲಾದಲ್ಲಿ ಕೂತು ದಿನವೂ ನೋಡುತ್ತಾನೆ ಮೋನಪ್ಪ, ದೋಸೆ ಆರಿ ರಟ್ಟಾಗುವವರೆಗೆ ಫೋಟೊ ತೆಗೆದು ಆಮೇಲೆ ಖಡಕ್ ಆಗಿದೆ ಎಂದು ದೂರುವ ಗಿರಾಕಿಗಳು.

ಶುಕ್ರವಾರ ಮಧ್ಯಾಹ್ನ, ಊಟದ ರಶ್ಶಿನಲ್ಲಿ, ಇದೇ ಅಮಿತ ಗ್ರೂಪಿಗೆ ಹಾಕಿದ್ದ ಚಿತ್ರ, ಪೇಂಟೆಡ್ ಸ್ನೈಪ್ ಎಂಬ ಕೆಸರುಹಕ್ಕಿ, ಮಂಕು ಬಣ್ಣದ್ದು, ಸುತ್ತ ಮೂರು ಮರಿ, ಕೆಳಗೆ ‘ತಾಯಿಯ ಪ್ರೀತಿ’, ಅದಕ್ಕೆ ನಲವತ್ತು ಕೆಂಪು ಹೃದಯ. ಥೂ. ಅದು ಅಪ್ಪ ಮಾರಾಯ, ಬಣ್ಣಗಾತಿ ಹೆಣ್ಣು ಮೊಟ್ಟೆಯಿಟ್ಟು ಇನ್ನೊಬ್ಬನ ಹಿಂದೆ ಹೋಗುತ್ತಾಳೆ, ಕಾವು ಕೂರುವವನೂ ಸಾಕುವವನೂ ಗಂಡೇ, ಎಂದು ಮೋನಪ್ಪ ಬರೆದ. ಪ್ರೂಫ್ ದಿಖಾವೋ ಅಂಕಲ್, ಅಮಿತನ ಉತ್ತರ. ಅಂಕಲ್! ಟೋಕನ್ ಕೊಡುತ್ತಲೇ ತೋರಿಸಿದ, ತಾನೇ ಈ ಜೌಗಿನಲ್ಲಿ ತೆಗೆದ ಚಿತ್ರ, ನಾಲ್ಕು ಮೊಟ್ಟೆಯ ಮೇಲೆ ಗಂಡು, ಪಕ್ಕದಲ್ಲಿ ಇನ್ನೂ ಹೋಗದ ಹೆಣ್ಣು — ಅಷ್ಟೇ ಸಾಕಿತ್ತು, ಯಾರೂ ಕೇಳದಿದ್ದರೂ ಕೆಳಗೆ ಬರೆದ, ಗೋರೆಗಾಂವ್, ಪೈಪ್‌ಲೈನ್ ಹಿಂದೆ, ಮೂರನೇ ಕಂಬದ ಎದುರು, ಹದಿಮೂರು ದಿನದಿಂದ ಕಾಯುತ್ತಿದ್ದೇನೆ. ಐದು ನಿಮಿಷದಲ್ಲಿ ಅದೇ ಗ್ರೂಪಿನಲ್ಲಿರುವ ತಂಗಿಯ ಮಗಳು ನಿಶಾಳ ಫೋನು, ಮಾಮ, ಎಂತ ಮಾಡಿದ್ದು ನೀವು, ಗೂಡಿನ ಜಾಗ ಹಾಕ್ಬಾರ್ದು ಅಂತ ನೀವೇ ರೂಲ್ ಮಾಡಿದ್ದಲ್ವಾ, ಡಿಲೀಟ್ ಕರೋ ನಾ. ಮಾಡ್ತೇನೆ ಮಾರಾಯ್ತಿ, ಗಿರಾಕಿ ಉಂಟು ಈಗ. ಅಷ್ಟರಲ್ಲಿ ಅಮಿತ ಬರೆದ, ಸಾರಿ ಅಂಕಲ್, ಯು ಆರ್ ಗ್ರೇಟ್, ಆ ಮಾತನ್ನು ಎಲ್ಲರೂ ಓದಲಿ ಎಂದು ರಾತ್ರಿಯವರೆಗೆ ಹಾಗೇ ಬಿಟ್ಟ, ಜೋಗೇಶ್ವರಿಯ ರೂಮಿಗೆ ಬಂದು ಅಳಿಸಿದ, ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಇನ್ನು ನಾಲ್ಕು ದಿನ ಸಾಕಿತ್ತು, ಮರಿಗಳು ಹೊರಬರುತ್ತಿದ್ದವು.

ಅಂಕಲ್ ಆ ಗಯೇ, ಇನ್ಹೀಂ ಕಾ ಸ್ಪಾಟ್ ಹೈ! ಈ ಜಾಗ ಇವರದೇ ಎಂದು ಅಮಿತ ಪೈಪಿನತ್ತ ಕೈ ತೋರಿದ. ಹನ್ನೊಂದು ಮಂದಿ ತಿರುಗಿ ಚಪ್ಪಾಳೆ ತಟ್ಟಿದರು, ನಾಚಿಕೆಗೇಡು, ಒಂದು ಕ್ಷಣ ಅವನ ಎದೆಯೂ ಉಬ್ಬಿತು, ಬೈಯಲು ಹೊರಟವನು ಕೊರಳಿನ ಕ್ಯಾಮೆರಾ ಸರಿಮಾಡಿಕೊಂಡ, ಚಪ್ಪಾಳೆಗೆ ಬೆದರಿ ಗಂಡು ಗೂಡು ಬಿಟ್ಟು ಎರಡು ಮಾರು ಓಡಿತು, ಬೋಳು ಜಾಗದಲ್ಲಿ ನಾಲ್ಕು ಮೊಟ್ಟೆ, ಅದನ್ನೇ ಕಾಯುತ್ತಿದ್ದ ಕಾಗೆ ಇಳಿಯಿತು. ಗಂಡು ಹಿಂದಿರುಗಿ ಎರಡೂ ರೆಕ್ಕೆ ಅಗಲಿಸಿ ಕಾಗೆಗೆ ಎದುರು ನಿಂತಿತು, ಅಂಗೈಯಗಲದ ಜೀವ. ಕ್ಯಾ ಶಾಟ್ ಹೈ ಯಾರ್, ಟರ್‍ರ್ ಎಂದು ಹನ್ನೊಂದು ಕ್ಯಾಮೆರಾ — ಒಂದು ಹೋಯ್ ಅಂದಿದ್ದರೆ ಕಾಗೆ ಹಾರುತ್ತಿತ್ತು, ಕೂಗಬೇಕು, ಕೂಗುತ್ತೇನೆ, ಬಿಸಿಲು ಓರೆಯಾಗಿ ಸರಿಯಾಗಿ ರೆಕ್ಕೆಯ ಮೇಲೆ ಬಿದ್ದಿದೆ, ಕೂಗಿದರೆ ಹಕ್ಕಿ ಅದನ್ನು ಮುಚ್ಚಿಬಿಡುತ್ತದೆ, ಇನ್ನೊಂದೇ ಕ್ಷಣ — ಹನ್ನೆರಡನೆಯ ಸದ್ದು ಅವನ ಕೈಯೊಳಗಿಂದಲೇ ಬಂದಿತ್ತು. ಈಗ ಅದು ಪರದೆಯ ಮೇಲಿದೆ, ಅಗಲಿಸಿದ ರೆಕ್ಕೆ, ಚಿನ್ನದ ಚುಕ್ಕೆ ಒಂದೊಂದೂ ಎಣಿಸುವಷ್ಟು ಸ್ಪಷ್ಟ, ಹಿಂದೆ ಕಾಗೆಯ ಕೊಕ್ಕಿನಲ್ಲಿ ಮೊಟ್ಟೆ, ಇಪ್ಪತ್ತು ವರ್ಷದಲ್ಲಿ ಇಂಥದು ಒಂದೂ ಸಿಕ್ಕಿರಲಿಲ್ಲ, ಅವನು ಹಿಗ್ಗಿಸಿ ನೋಡುತ್ತಾನೆ, ರೆಕ್ಕೆ, ಮೊಟ್ಟೆ, ಇನ್ನೂ ಹಿಗ್ಗಿಸುತ್ತಾನೆ, ರೆಕ್ಕೆ, ಮೊಟ್ಟೆ, ಅಗಲಿಸಿದ ರೆಕ್ಕೆ