ದೀಪ ಹಚ್ಚೋ ಹೊತ್ತಿಗೆ ಬೀಳೋ ನೆಟ್ಟು

ನೆಟ್ ಸ್ಲೋ ಅಂದ್ರೆ ಎಲ್ರೂ ಮೊದ್ಲು ಕಂಪ್ಯೂಟರ್‌ಗೆ ಬೈತಾರೆ. ನಾನು ಬೈಯಲ್ಲ, ಹುಡುಕ್ತೀನಿ. ಹೊಳಲ್ಕೆರೇಲಿ ನಮ್ಮ ಬೀದಿಗೆ ಬ್ರಾಡ್‌ಬ್ಯಾಂಡ್ ಮೊದ್ಲು ಬಂದಿದ್ದೇ ನಮ್ಮನೆಗೆ, 2007ರಲ್ಲಿ, ಅದೂ ನಾನು ಅಪ್ಪನ ತಲೆ ತಿಂದೂ ತಿಂದೂ. ಹಗಲೆಲ್ಲಾ ಚೆನ್ನಾಗೇ ಓಡ್ತಿತ್ತು. ಸಂಜೆ ಅಮ್ಮ ದೇವ್ರಿಗೆ ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಮೋಡೆಮ್ಮಿನ ಹಸಿರು ಲೈಟು ಮಿಣಮಿಣ ಅಂದು ಆರೋಗೋದು.

ಬೇರೆ ಹೊತ್ತಲ್ಲಾಗಿದ್ರೆ ಸುಮ್ನಿರ್ತಿದ್ದೆ. ಆದ್ರೆ ಮೇಘಶ್ರೀ ಬರೋದೇ ಆವಾಗ. ಅವರಪ್ಪಂಗೆ ರಾಯಚೂರಿಗೆ ಟ್ರಾನ್ಸ್‌ಫರ್ ಆದ್ಮೇಲೆ ನಂಗೆ ಕಾಲೇಜಲ್ಲಿ ಪಕ್ಕ ಕುಂತ್ಕಳೋರಿಲ್ಲ, ಜೊತೆಗೆ ಮನೆ ತನಕ ನಡೆಯೋರಿಲ್ಲ. ಟಿಫನ್ ಬಾಕ್ಸ್ ಒಬ್ಳೇ ತೆಗೀತೀನಿ, ಒಬ್ಳೇ ಮುಚ್ತೀನಿ. ಅವಳು ಅಲ್ಲಿ ಸೈಬರ್ ಸೆಂಟರಲ್ಲಿ ಹೆಡ್‌ಫೋನ್ ಹಾಕ್ಕಂಡು "ಲೇ ಬಿಂದೂ" ಅನ್ನೋದ್ರೊಳಗೆ ಲೈನ್ ಕಟ್. ಕೊನೆಗೆ ಒಂದಿನ ಟೈಪ್ ಮಾಡಿ ಬಿಟ್ಟಿದ್ಲು: "ದಿನಾ ಇದೇ ಆಯ್ತಲ್ಲೇ. ಸರಿ ಆದ್ಮೇಲೆ ಹೇಳು, ಆಮೇಲೆ ಬರ್ತೀನಿ."

ಇನ್ನು ಬಿಡ್ತೀನಾ? ವೈರ್ ತುದಿ ಹೆರೆದು ಹೊಸದಾಗಿ ಜೋಡಿಸಿದೆ. ಮೋಡೆಮ್ ಜಾಗ ಬದಲಾಯಿಸಿದೆ. ನೆಟ್ಟೂ ಫೋನೂ ಒಂದೇ ವೈರಲ್ಲಿ ಬರ್ತವೆ; ಫೋನಿಗೆ ನೆಟ್ಟಿನ ಗಲಾಟೆ ತಾಗದಂಗೆ, ನೆಟ್ಟಿಗೆ ಫೋನಿಂದು ತಾಗದಂಗೆ ನೋಡ್ಕಳಾಕೆ ಫಿಲ್ಟರ್ ಅಂತ ಪುಟ್ಟ ಡಬ್ಬಿ ಬರ್ತದೆ, ಅದನ್ನೂ ಹೊಸದು ಹಾಕಿದೆ.

"ಓದೋದು ಬಿಟ್ಟು ಲೈನ್‌ಮನ್ ಆಗ್ತೀಯೇನೆ?" ಅಂದ್ಲು ಅಮ್ಮ.

"ಆದ್ರೆ ನಿಂಗೇ ಒಳ್ಳೇದು ಬಿಡಮ್ಮ."

ಆಮೇಲೆ ಒಂದು ಗಮನಿಸ್ದೆ. ನೆಟ್ ಬೀಳೋದು ಹೊಸದುರ್ಗದಿಂದ ಅತ್ತೆ, ಅಂದ್ರೆ ಅಪ್ಪನ ಅಕ್ಕ, ಫೋನ್ ಮಾಡಿದಾಗ. ದಿನಾ ಸಂಜೆ ಮಾಡ್ತಾರೆ. ಅಮ್ಮ ಕೂಗ್ತಿರ್ತಾಳೆ, "ಅಕ್ಕಾ, ಜೋರಾಗಿ ಹೇಳ್ರಿ, ಬಾವಿಯೊಳಗಿಂದ ಮಾತಾಡ್ದಂಗೈತೆ!" ಫಿಲ್ಟರ್ ಇದ್ರೂ ಯಾಕಪ್ಪ ಬೀಳ್ತದೆ ಅಂತ ಒಂದಿನ ನಮ್ಮ ಫೋನನ್ನೇ ಕಿತ್ತು ಮಂಚದ ಮೇಲೆ ಇಟ್ಟೆ. ಆದ್ರೂ ಬಿತ್ತು!

ಮಾರನೇ ದಿನ ಅತ್ತೆ ಫೋನ್ ಮಾಡಿದಾಗ ನಾನೇ ಎತ್ತಿದೆ. "ನಿನ್ನೆ ಫೋನ್ ಎತ್ತಿ ಬಾಯಿಗೆ ಬೀಗ ಹಾಕ್ಕಂಡಿದ್ರೇನೆ? ಬರೀ ಉಸಿರು ಕೇಳ್ತಿತ್ತು" ಅಂದ್ರು.

ಹಂಗಾರೆ ಈ ಲೈನಿಗೆ ಫಿಲ್ಟರಿಲ್ಲದ ಇನ್ನೊಂದು ಫೋನೈತೆ, ಅದನ್ನ ಯಾರೋ ಎತ್ತಿದಾಗೆಲ್ಲಾ ನೆಟ್ಟೂ ಬೀಳ್ತದೆ, ಅತ್ತೆ ಧ್ವನೀನೂ ಬಾವಿಗೆ ಬೀಳ್ತದೆ.

ಅಟ್ಟ ಹತ್ತಿ ವೈರ್ ಹಿಡ್ಕಂಡು ಹೋದೆ. ಧೂಳೊಳಗೆ ಅದು ಎರಡಾಗಿ, ಒಂದು ನಮ್ಮ ಕಡೆ ಇಳಿದಿತ್ತು, ಇನ್ನೊಂದು ಗೋಡೆ ತೂತಲ್ಲಿ ಆಚೆ ಹೋಗಿತ್ತು. ಆಚೆ ಅಂದ್ರೆ ಸರ್ವಮಂಗಳ ಚಿಕ್ಕಮ್ಮನ ಮನೆ. ಮೊದ್ಲು ಎಲ್ಲಾ ಒಂದೇ ಮನೆ. ನಾನು ಸಣ್ಣೋಳಿದ್ದಾಗ ಅಪ್ಪಂಗೂ ಚಿಕ್ಕಪ್ಪಂಗೂ ಪಾಲಾಯ್ತು. ಹಂಡೆ, ಮಂಚ, ಒಲೆಗುಂಡು ಸಮೇತ ಹಂಚ್ಕಂಡ್ರು. ಫೋನ್ ಅಜ್ಜನ ಹೆಸರಲ್ಲಿತ್ತು, ಹಂಚಾಕಾಗ್ಲಿಲ್ಲ, ವೈರ್ ಹಂಗೇ ಎರಡೂ ಕಡೆ ಉಳೀತು. ಆಮೇಲೆ ಜಗಳ. ಅತ್ತೆ ಅಪ್ಪನ ಕಡೆ ನಿಂತ್ರು. ಚಿಕ್ಕಪ್ಪ ತೀರ್ಕಂಡಾಗ್ಲೂ ಬಂದು ಹೆಣದ ಮುಂದೆ ಕುಂತೋರು ಚಿಕ್ಕಮ್ಮನ ಮಾತಾಡಿಸ್ಲಿಲ್ಲ. ಆ ಕಡೆ ಫೋನ್ ಸತ್ತೋಗಿದೆ ಅಂತ್ಲೇ ನಮ್ಮನೇಲೆಲ್ಲಾ ತಿಳ್ಕಂಡಿದ್ರು.

ಅಪ್ಪ ಇಲ್ಲದ ಹೊತ್ತು ನೋಡ್ಕಂಡು ಆಚೆ ಹೋದೆ. ಚಿಕ್ಕಮ್ಮ ಮಿಷನ್ ಮುಂದೆ ಕುಂತು ಬ್ಲೌಸ್ ಹೊಲೀತಿದ್ರು. ಪಕ್ಕದಲ್ಲಿ ಟವಲ್ ಸುತ್ತಿದ್ದೇನೋ ಇತ್ತು. ಅದೇ ಫೋನು. ಗಂಟೆ ಶಬ್ದ ಆಚೆ ಕೇಳದಂಗೆ ಸುತ್ತಿಟ್ಟಿದ್ರು. ನನ್ ಕೈಯಲ್ಲಿ ಕಟಿಂಗ್ ಪ್ಲೇಯರ್ ನೋಡಿ ಮಿಷನ್ ನಿಲ್ಲಿಸಿದ್ರು.

"ಕತ್ತರಿಸ್ತೀಯೇನೆ ಬಿಂದು?"

ನಿಜ ಹೇಳ್ಬೇಕಂದ್ರೆ ಕತ್ತರಿಸಾಕೇ ಹೋಗಿದ್ದೆ. ಬಾಯಲ್ಲಿ ಬಂದಿದ್ದು ಬೇರೆ. "ಇಲ್ಲ ಚಿಕ್ಕಮ್ಮ. ಒಂದು ಡಬ್ಬಿ ಹಾಕ್ಬೇಕು, ಅಷ್ಟೇ."

"ಅವ್ರ ಮಾತು ಕೇಳ್ತದಾ ಆಮೇಲೂ?"

"ಕೇಳ್ತದೆ."

ಮರುದಿನ ಬಸ್ ಹತ್ತಿ ಚಿತ್ರದುರ್ಗಕ್ಕೆ ಹೋಗಿ ಇನ್ನೊಂದು ಫಿಲ್ಟರ್ ತಂದು ಹಾಕಿದೆ. ಎದ್ದು ಹೊರಡುವಾಗ ಚಿಕ್ಕಮ್ಮ ದಾರ ಕಡಿಯೋ ನೆಪದಲ್ಲಿ ತಲೆ ತಗ್ಗಿಸಿ ಹೇಳಿದ್ರು, "ಹೋದ ವಾರ ನಿಮ್ಮತ್ತೆ ಮಂಡಿ ನೋವು ಅಂತಿದ್ರು. ಆಮೇಲೆ ಅದರ ಸುದ್ದೀನೇ ಎತ್ತಲಿಲ್ಲ. ನಾನು ಬರೀ ಕೇಳಿಸ್ಕಬೋದು ಕಣೇ, ಕೇಳಾಕಾಗಲ್ಲ."

ಅವತ್ತು ಸಂಜೆ ಮೋಡೆಮ್ ಮುಂದೆ ಕುಂತೆ. ಮೇಘಂಗೆ ಮೆಸೇಜ್ ಹಾಕಿದ್ದೆ, ಸರಿಯಾಯ್ತು ಬಾರೇ ಅಂತ. ಅಮ್ಮ ದೀಪ ಹಚ್ಚಿದ್ಲು. ಫೋನ್ ಬಡೀತು. ಗೋಡೆ ಆಚೆ ಮಿಷನ್ ಸದ್ದು ನಿಂತಿದ್ದು ನಂಗೆ ಕೇಳಿಸ್ತು. ಹಸಿರು ಲೈಟು ಅಲ್ಲಾಡ್ಲಿಲ್ಲ. ಚಾಟಲ್ಲಿ ಮೇಘನ ಹೆಸರು ಮಾತ್ರ ಬೂದಿ ಬಣ್ಣದಲ್ಲೇ ಇತ್ತು, ಬಂದಿಲ್ಲ ಅಂತ. ಸರಿ ಆದ್ಮೇಲೆ ಬರ್ತೀನಿ ಅಂದೋಳು ಆವತ್ತಿಂದ ಒಂದಿನವೂ ಬಂದಿರ್ಲಿಲ್ಲ.

ಎದ್ದು ಓಡಿ ಅಮ್ಮನಿಗಿಂತ ಮೊದ್ಲು ರಿಸೀವರ್ ತಗಂಡೆ.

"ಅತ್ತೆ, ಮಂಡಿ ನೋವು ಹೆಂಗೈತ್ರಿ?"

"ಅಯ್ಯೋ ನನ್ ಕಂದಾ, ಅದನ್ನ ಕೇಳೋರಾದ್ರೂ ಯಾರವ್ರೆ..."

ಧ್ವನಿ ಬಾವಿಯೊಳಗಿಂದ ಬಂದಂಗೆ ಬರ್ತಿತ್ತು.

"ಜೋರಾಗಿ ಹೇಳ್ರಿ ಅತ್ತೆ," ಅಂದೆ. "ಪೂರ್ತಿ ಹೇಳ್ರಿ."