ಗೇಲಿ ನಿಂತ ಮನೆ

ಯೋವ್ನಾ ಕಾಫಿ ಬಗ್ಗಿಸಿ ಕೊಟ್ಟು, ಸಕ್ಕರೆ ಬೇಕೇ ಎಂದು ಕೇಳಿ, ಕಿಟಕಿಯ ಪಕ್ಕ ಸುಮ್ಮನೆ ಕುಳಿತ. ತೂವಾಳಿಗೆ ಅದು ಒಳ್ಳೆಯ ಲಕ್ಷಣವೆಂದೇ ತೋರಿತು. ತಾನು ಹೇಳಿದ್ದನ್ನು ಈ ಮನುಷ್ಯ ಚಾಚೂ ತಪ್ಪದೆ ಪಾಲಿಸಿದ್ದಾನೆ.

ತೂವಾ ದಕ್ಷಿಣ ನಾರ್ವೆಯವಳು. ಮಕ್ಕಳ ಮನೋವೈದ್ಯೆಯಾಗುವ ತರಬೇತಿಯ ಕಡೆಯ ವರ್ಷಕ್ಕೆ ಉತ್ತರದಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರ ಈ ಊರಿನ ಚಿಕಿತ್ಸಾಲಯಕ್ಕೆ ಬಂದಿದ್ದಳು. ಯೋವ್ನಾನ ತಂಗಿಯ ಮಗಳು, ಹದಿಮೂರರ ಬಿರೆತ್, ಶಾಲೆಯ ಬಸ್ಸು ಕಂಡರೆ ಹೊಟ್ಟೆ ಹಿಡಿದುಕೊಂಡು ಮುದುಡುತ್ತಿದ್ದಳು. ಅವಳನ್ನು ಮೊದಲ ಸಲ ಕರೆತಂದಾಗ ಯೋವ್ನಾ ತೂವಾಳ ಎದುರಿಗೇ, "ನೋಡಿ ಡಾಕ್ಟ್ರೇ, ಈ ಪೀಚು ಮರಿ ಚಳಿಗಾಲ ದಾಟಲ್ಲ. ಯಾರಾದ್ರೂ ಕೇಳಿದ್ರೆ ಒಂದು ಪೊಟ್ಟಣ ಕಾಫಿಪುಡಿಗೆ ಕೊಟ್ಬಿಡ್ತೀನಿ" ಎಂದಿದ್ದ. ಹುಡುಗಿಯ ಕಿವಿ ಕೆಂಪಾಗಿತ್ತು. ತೂವಾ ಅವನನ್ನು ಪಕ್ಕಕ್ಕೆ ಕರೆದು, ಮಗು ಚೇತರಿಸಿಕೊಳ್ಳುವವರೆಗೆ ಮನೆಯಲ್ಲಿ ಯಾರೂ ಗೇಲಿ ಮಾಡಬಾರದು ಎಂದು ನಯವಾಗಿಯೇ ಹೇಳಿದ್ದಳು.

ಅಂದಿನಿಂದ ಬಿರೆತ್ ಇನ್ನಷ್ಟು ಕುಗ್ಗಿದಳು. ಊಟ ಸೇರದಾಯಿತು, ಕೋಣೆ ಬಿಟ್ಟು ಬರುವುದೇ ಅಪರೂಪವಾಯಿತು. ಇನ್ನು ಕರಾವಳಿಯ ದೊಡ್ಡಾಸ್ಪತ್ರೆಗೆ ಕಳಿಸುವುದೇ ಸರಿಯೆಂದು ತೂವಾ ತೀರ್ಮಾನಿಸಿದಳು. ಅಷ್ಟು ದೂರ ಕಳಿಸಿದ ಮಕ್ಕಳು ಹೇಗಾಗಿ ಮರಳುತ್ತಾರೆಂಬುದು ಸಾಮಿ ಮಕ್ಕಳನ್ನು ಮನೆಯಿಂದ ದೂರ ಒಯ್ದಿಡುತ್ತಿದ್ದ ಹಳೆಯ ವಸತಿಶಾಲೆಗಳ ಕಾಲದಿಂದ ಈ ಊರಿಗೆ ಗೊತ್ತಿತ್ತು. ತೂವಾಳಿಗೆ ತರಬೇತಿ ಕೊಡುತ್ತಿದ್ದ ರಿಸ್ತೆನ್ ಈ ಊರಿನವಳೇ. "ಕಳಿಸೋದಾದ್ರೆ ನಾಳೆ ಕಳಿಸೋಣ. ಇವತ್ತು ಅವರ ಅಡುಗೆಮನೇಲಿ ಕೂತು ಬರೋಣ. ಎರಡನೇ ಲೋಟ ಕಾಫಿ ಮುಗಿಯೋವರೆಗೂ ನೀನೇನೂ ಕೇಳಬೇಡ" ಎಂದಿದ್ದಳು.

ಎರಡನೇ ಲೋಟದಲ್ಲಿ, ಅಲ್ಲಿಯ ರೂಢಿಯಂತೆ ಕಾಫಿಗೆ ಹಾಕಿದ ಚೀಸಿನ ತುಂಡುಗಳು ಮೆತ್ತಗಾಗುವ ಹೊತ್ತಿಗೆ ಬಿರೆತ್ ಬಂದು ಬೆಂಚಿನ ತುದಿಯಲ್ಲಿ ಕುಳಿತಳು.

"ಒಂಚೂರು ತಿಂತೀಯಾ, ಬಂಗಾರ?" ಎಂದಳು ತಾಯಿ.

"ಬೆನ್ನಿಗೆ ದಿಂಬು ಕೊಡ್ಲಾ, ಮಗಳೇ?" ಎಂದ ಯೋವ್ನಾ.

ರಿಸ್ತೆನ್ ಸರಕ್ಕನೆ ತಲೆಯೆತ್ತಿದಳು. "ಏನೋ ಯೋವ್ನಾ, ನಾಲಿಗೆ ಹಿಮದಲ್ಲೆಲ್ಲಾದ್ರೂ ಬೀಳಿಸಿಕೊಂಡ್ಯಾ?"

ಅವನು ತೂವಾಳತ್ತ ನೋಡಿದ. ಬಿರೆತ್ ಉತ್ತರಿಸಿದಳು.

"ಅಜ್ಜ ಸಾಯೋ ಮುಂಚೆ ಎಲ್ರೂ ಅವನ ಹತ್ರ ಹೀಗೇ ಮಾತಾಡ್ತಿದ್ರು, ರಿಸ್ತೆನಕ್ಕ. ನಾನೂ ಸಾಯ್ತೀನಾ?"

ಯೋವ್ನಾನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.  ತೂವಾಳಿಗೆ ಗಂಟು ಎಲ್ಲಿದೆಯೆಂದು ಬೆರಳಿಗೆ ಸಿಕ್ಕಂತಾಗಿ ಮನಸ್ಸು ಹಗುರಾಯಿತು. ಆ ಗಂಟು ಹಾಕಿದವಳು ತಾನೇ; ಬಿಚ್ಚುವುದೂ ತನ್ನಿಂದಾದೀತು.

"ಇಲ್ಲ ಬಿರೆತ್. ನಿನಗೆ ಸಾಯೋ ಕಾಯಿಲೆ ಯಾವುದೂ ಇಲ್ಲ. ಮಾಮನ ಬಾಯಿ ಕಟ್ಟಿಸಿದ್ದು ನಾನು. ಅವರ ಗೇಲಿಯಿಂದ ನಿನಗೆ ನೋವಾಗ್ತಿದೆ ಅಂದ್ಕೊಂಡೆ. ನಿನ್ನನ್ನೇ ಕೇಳಬೇಕಿತ್ತು."

"ಕೋಪ ಬರುತ್ತೆ," ಎಂದಳು ಬಿರೆತ್ ಯೋಚಿಸಿ. "ಆದ್ರೆ ತಿರುಗಿ ಅಂದ್ರೆ ಮಾಮ ಸೋತುಹೋಗ್ತಾನೆ."

"ನಮ್ಮಲ್ಲಿ ಮಕ್ಕಳನ್ನ ಗಟ್ಟಿ ಮಾಡೋದು ಹೀಗೇ," ಎಂದಳು ರಿಸ್ತೆನ್ ತೂವಾಳತ್ತ ತಿರುಗಿ. "ಮನೆಯವರ ಬಾಯಲ್ಲಿ ಪಳಗಿದ ಮಗು ಹೊರಗಿನವರ ಬಾಯಿಗೆ ಹೆದರಲ್ಲ. ಮಿತಿ ಮೀರೋರೂ ಇರ್ತಾರೆ. ಮಗು ತಿರುಗಿ ಅನ್ನುತ್ತಾ ನೋಡು, ಅದರಲ್ಲೇ ಗೊತ್ತಾಗುತ್ತೆ."

ಯೋವ್ನಾ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಡಾಕ್ಟ್ರೇ, ಈಗ ಬಾಯಿ ಬಿಡಬಹುದಾ?"

"ಬಿಡಿ, ಬಿಡಿ."

"ಅಬ್ಬಾ, ದವಡೆ ತುಕ್ಕು ಹಿಡಿದಿತ್ತು!" ಅವನು ಬಿರೆತ್‌ಳನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಹಾಸಿಗೇಲಿ ಬಿದ್ದೂ ಬಿದ್ದೂ ಇವಳ ಬೆನ್ನ ಮೇಲೆ ಕಲ್ಲುಹೂವು ಬೆಳೆದಿರಬೇಕು. ನನ್ನ ಹಿಮಸಾರಂಗಗಳಿಗೆ ಈ ವರ್ಷದ ಮೇವಾಯ್ತು."

ಬಿರೆತ್‌ಳ ಕಿವಿ ಕೆಂಪಾಯಿತು. 

"ಮೇಯೋಕೆ ಬರಲಿ ಬಿಡು, ಮಾಮ. ನಿನ್ನ ಹತ್ರ ಹೊಟ್ಟೆ ತುಂಬದೆ ತಾನೆ ಹೋದ ವರ್ಷ ಅರ್ಧ ಹಿಂಡು ಪಕ್ಕದವರ ಹತ್ರ ಓಡಿಹೋಗಿದ್ದು?"

ತಾಯಿ ಅಂಗೈಯಲ್ಲೇ ಕಣ್ಣೊರೆಸಿಕೊಂಡು ನಕ್ಕಳು. ಯೋವ್ನಾ ತೊಡೆ ತಟ್ಟಿ, "ಇವಳಿಗೆ ಕಾಯಿಲೆ ಅಂದೋರು ಯಾರ್ರೀ?" ಎಂದು ಕೂಗಿದ. ಬಿರೆತ್ ಒಣಮಾಂಸದ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಚಾಕು ಕೈಗೆತ್ತಿಕೊಂಡಳು.

ಬಸ್ಸಿನ ಭಯ ಇನ್ನೂ ಹಾಗೇ ಇತ್ತು. ಅದು ತೂವಾಳಿಗೂ ಗೊತ್ತಿತ್ತು. ಅದರ ಚಿಕಿತ್ಸೆ ಇಲ್ಲೇ ಆಗಬಹುದು, ಈ ಅಡುಗೆಮನೆಯ ಬಲದಿಂದಲೇ. ಕರಾವಳಿಯ ಮಾತನ್ನು ಅವಳೂ ಎತ್ತಲಿಲ್ಲ, ರಿಸ್ತೆನ್ ಕೂಡ ಎತ್ತಲಿಲ್ಲ.

ಅಷ್ಟರಲ್ಲಿ ಯೋವ್ನಾನ ಕಣ್ಣು ತೂವಾಳ ಬೂಟುಗಳ ಮೇಲೆ ಬಿದ್ದಿತ್ತು. "ಇಂಥ ಬೂಟಲ್ಲಿ ಹಿಮಕ್ಕೆ ಇಳಿಯೋರ ಮಾತು ನಂಬಿ ನಾನು ಬಾಯಿ ಮುಚ್ಕೊಂಡಿದ್ನಲ್ಲ!"

ತೂವಾ ಪೆಚ್ಚಾದಳು. 

"ಡಾಕ್ಟ್ರೇ, ಏನಾದ್ರೂ ಅನ್ನಿ," ಎಂದು ಬಿರೆತ್ ಬಾಯ್ತುಂಬ ಮಾಂಸವಿಟ್ಟುಕೊಂಡೇ ಪಿಸುಗುಟ್ಟಿದಳು. "ಅವನ ಟೊಪ್ಪಿ ನೋಡಿ. ಸುಲಭ ಇದೆ."