ಮೈಕ್ ಹಿಡಿದು ಬಂದ ದಿನ

ಫ್ಯಾನ್ ಕಾರ್ಖಾನೆಯ ಮ್ಯಾನೇಜರ್ ಬೆಳಗಿನಿಂದ ಕಾಲು ಸುಟ್ಟ ಬೆಕ್ಕಿನಂತೆ ತನ್ನ ಕೋಣೆಯಲ್ಲಿ ಸುತ್ತುತ್ತಿದ್ದ. ಕೂತರೆ ಏಳಬೇಕು, ಎದ್ದರೆ ನೀರು ಕುಡಿಯಬೇಕು. ತಂತಿ ಸುತ್ತುವ ವಿಭಾಗ ತಿಂಗಳ ಕೊನೆಗೆ ಮುಚ್ಚಲಿತ್ತು. ಇನ್ನು ಸುರುಳಿಗಳೆಲ್ಲ ಹೊರಗಿನಿಂದ ಸಿದ್ಧವಾಗಿಯೇ ಬರುತ್ತವೆ. ಅಲ್ಲಿಯ ಜನಕ್ಕೆ ಅದನ್ನು ಇವತ್ತು ಅವನೇ ಹೇಳಬೇಕು. ಹೇಳಿಬಿಡಬಹುದಿತ್ತು. ಆದರೆ ಆ ವಿಭಾಗದ ಮೇಸ್ತ್ರಿ ಅವನ ಒಡಹುಟ್ಟಿದ ಅಣ್ಣ, ಅಪ್ಪ ಹೋದಮೇಲೆ ಇದೇ ತಂತಿ ಸುತ್ತಿ ತಮ್ಮನನ್ನು ಓದಿಸಿದವನು.

ಮಾಲೀಕರು ಇವನಿಗೆ ಭಾಷಣ ಕಲಿಸಲೆಂದು ಮೇಡಂ ಒಬ್ಬರನ್ನು ಗೊತ್ತು ಮಾಡಿದ್ದರು. ಅವರು ವಾರವಿಡೀ ಇವನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಅರೆದಿದ್ದರು.

"ಮುಚ್ಚುತ್ತೆ ಅನ್ನೋ ಮಾತು ಬಾಯಿಗೆ ಬರ್ಲೇಬಾರ್ದು. ಹೊಸ ಹಾದಿ ಅನ್ನಿ. ನಗ್ತಾ ಹೇಳಿ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು."

"ಅಲ್ಲ ಮೇಡಂ, ಹಾವು ಆಗಲೇ ಸತ್ತಿದೆ. ಅದನ್ನ ಹೇಳೋಕೇ ತಾನೆ ನಾನು ಹೋಗ್ತಿರೋದು?"

"ಮೊದ್ಲು ಜೇಬಿಂದ ಕೈ ತೆಗೀರಿ," ಎಂದರು ಮೇಡಂ.

ಆ ಕಾರ್ಖಾನೆಗೆ ಒಂದು ರೂಢಿಯಿತ್ತು. ಮೇಡಂಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದ ಈ ಮಹಾಶಯನಿಗೆ ಗಾಬರಿಯಲ್ಲಿ ಮರೆತೇಹೋಗಿತ್ತು. ಕೆಟ್ಟ ಸುದ್ದಿ ಏನಿದ್ದರೂ ಗೇಟಿನ ಪಕ್ಕದ ಹಲಗೆಯ ಮೇಲೆ ಅಂಟುತ್ತಿತ್ತು. ಮೈಕ್ ಹೊರಬಂತೆಂದರೆ ಬೋನಸ್ಸೋ ದೊಡ್ಡ ಆರ್ಡರೋ ಬಂದಿದೆಯೆಂದೇ ಅರ್ಥ. ಹಾಗಾಗಿ ಅವನು ಮೈಕ್ ಹಿಡಿದು ಶೆಡ್ಡಿಗೆ ಬಂದಾಗ ಜನ ಕೈ ಒರೆಸಿಕೊಳ್ಳುತ್ತ, ಹಲ್ಲು ಬಿಟ್ಟುಕೊಂಡು ನೆರೆದರು.

ಏನು ಮಾತಾಡಿದ ಅಂತೀರಿ! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನೀವೇ ಈ ಸಂಸ್ಥೆಯ ಬೆನ್ನೆಲುಬು ಎಂದ, ಬದಲಾವಣೆಯೇ ಬದುಕು ಎಂದ, ನಿಮ್ಮೆಲ್ಲರ ಮುಂದೆ ಹೊಸ ಹಾದಿ ತೆರೆದಿದೆ ಎಂದ. ಮೇಡಂ ಕಲಿಸಿದಂತೆ ನಡುನಡುವೆ ನಕ್ಕ. ಮುಗಿಸಿದಾಗ ಯಾರೂ ಮಿಸುಕಲಿಲ್ಲ. ಸದ್ಯ, ಅರ್ಥವಾಯಿತು ಎಂದುಕೊಂಡ. ಅಷ್ಟರಲ್ಲಿ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅದರ ಬೆನ್ನಿಗೇ ಇಡೀ ಶೆಡ್ಡು ತಟ್ಟಿತು.

ಸುರುಳಿ ಕಟ್ಟುವ ಹೆಂಗಸೊಬ್ಬಳು ಮುಂದೆ ಬಂದಳು. "ಸಾರ್, ಹೊಸ ಮಿಷಿನ್ ಯಾವಾಗ ಬರುತ್ತೆ? ಹಳೇದನ್ನ ಸರಿಸಿ ಜಾಗ ಮಾಡ್ಲಾ?"

ಅವನು ಉತ್ತರಿಸುವ ಮೊದಲೇ ಇಬ್ಬರು ಬೆಂಚು ಎಳೆಯತೊಡಗಿದ್ದರು. ಹೂಂ ಅಂದು ಕೋಣೆ ಸೇರಿಕೊಂಡರೆ ಆಯಿತು, ಉಳಿದದ್ದನ್ನು ಹಲಗೆ ಹೇಳುತ್ತದೆ. ಕಾಲು ಬಾಗಿಲ ಕಡೆಗೇ ತಿರುಗಿದ್ದವು. ಆದರೆ ಬೆಂಚು ನೆಲಕ್ಕೆ ಉಜ್ಜುವ ಸದ್ದು ತಡೆಯಲಾಗಲಿಲ್ಲ. ಮೈಕ್ ಆರಿಸಿದ.

"ಬಿಡ್ರಪ್ಪಾ, ಎಳೀಬೇಡಿ. ಯಾವ ಮಿಷಿನ್ನೂ ಬರಲ್ಲ. ತಿಂಗಳ ಕೊನೆಗೆ ಈ ವಿಭಾಗ ಮುಚ್ಚುತ್ತೆ. ನಿಮ್ಮೆಲ್ಲರ ಕೆಲಸ ಹೋಗುತ್ತೆ. ನಮ್ಮಣ್ಣಂದೂ."

ಎಳೆಯುತ್ತಿದ್ದವರು ಬೆಂಚು ಕೈಬಿಟ್ಟರು. ಹಿಂದಿನ ಸಾಲಿನಿಂದ ಅಣ್ಣ ಜನರನ್ನು ಸರಿಸಿಕೊಂಡು ಬಂದು ಎದುರು ನಿಂತ.

"ಇಷ್ಟೇನಾ? ಇದನ್ನ ಮೊದಲೇ ಹೇಳೋಕೆ ಏನಾಗಿತ್ತೋ?"

"ತಪ್ಪಾಯ್ತು ಅಣ್ಣ."

"ನಂಗೂ ಒಂದಕ್ಷರ ಅರ್ಥ ಆಗ್ಲಿಲ್ಲ ಕಣೋ. ನೀನು ಅಷ್ಟು ಕಷ್ಟಪಟ್ಟು ಮಾತಾಡ್ದೆ, ಯಾರೂ ಸೊಲ್ಲೆತ್ತಲಿಲ್ಲ. ಎಲ್ಲರ ಮುಂದೆ ನಿಂಗೆ ಅವಮಾನ ಆಗ್ಬಾರ್ದು ಅಂತ ಮೊದಲು ಚಪ್ಪಾಳೆ ತಟ್ಟಿದ್ದೇ ನಾನು."